ಕೀಬೋರ್ಡ್ ಮಗುಚಿದರೆ

ಬಂದರಿನ ಹಗ್ಗದಂಗಡಿಯ ಮೇಲಿನ ಮಾಳಿಗೆ ನನ್ನದು.
ಮರದ ಮೆಟ್ಟಿಲು ಹತ್ತಿ ಬರುತ್ತವೆ ಊರಿನ ಕಂಪ್ಯೂಟರುಗಳು
ಗೋಣಿಚೀಲದಲ್ಲಿ, ಮಗುವಿನ ಟವೆಲಿನಲ್ಲಿ,
ಒಮ್ಮೆ ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ.
ಎಂತ ಆಯಿತು ಎಂದರೆ ಎಲ್ಲರದೂ ಒಂದೇ ಉತ್ತರ:
"ನಾನು ಎಂತದೂ ಮಾಡಲಿಲ್ಲ ಮಾರಾಯ್ರೇ, ತನ್ನಷ್ಟಕ್ಕೆ ಹೋಯಿತು."

ಮಾತು ನಂಬುವುದಿಲ್ಲ. ಕೀಬೋರ್ಡ್ ಮಗುಚಿ ಎರಡು ಸಲ ತಟ್ಟುತ್ತೇನೆ.
ಗೋಳಿಬಜೆಯ ಚೂರು, ಮರಳು,
ಬೂತಾಯಿಯ ಹುರುಪೆಯೊಂದು, ಬೆಳ್ಳಿಯ ಬಿಂದಿಯ ಹಾಗೆ.
ಆಮೇಲೆ ಸವೆದ ಗುಂಡಿಗಳನ್ನು ಓದುತ್ತೇನೆ.
ಹಗ್ಗದಂಗಡಿಯ ಇದಿನಬ್ಬಾಕನದು ಬಲಗಡೆಯ ಅಂಕಿಗಳೆಲ್ಲ ಬೋಳು,
ಅಕ್ಷರಗಳಿಗೆ ಬೆರಳು ತಾಗಿದ ಗುರುತೇ ಇಲ್ಲ.
ಗ್ಲಾಡಿಸ್ ಟೀಚರದು ಬ್ಯಾಕ್‌ಸ್ಪೇಸ್ ಕುಳಿಬಿದ್ದಿದೆ:
ಮೂವತ್ತೈದು ವರ್ಷ ಬೇರೆಯವರ ತಪ್ಪು ತಿದ್ದಿದವರು
ತಮ್ಮದೊಂದು ಪತ್ರ ಬರೆಯಲು ಎಷ್ಟು ಹಿಂದೆ ಹೋಗಿದ್ದಾರೆ!
ಲಾ ಕಾಲೇಜಿನ ಹುಡುಗನದು ಕಂಟ್ರೋಲ್, ಸಿ, ವಿ.
ಹೆಚ್ಚು ಕೇಳಲಿಲ್ಲ.

ಇಲ್ಲಿ ಯಂತ್ರಗಳು ವಯಸ್ಸಾಗಿ ಸಾಯುವುದಿಲ್ಲ.
ಉಪ್ಪುಗಾಳಿ ಬಂದು ಮದರ್‌ಬೋರ್ಡಿಗೆ ಹಸಿರು ಕಿಲುಬು ಹಿಡಿಸುತ್ತದೆ,
ಅಟ್ಟದ ತಾಮ್ರದ ಹಂಡೆಗೆ ಹಿಡಿಯುವ ಹಾಗೆಯೇ.
ಹಲ್ಲುಜ್ಜುವ ಹಳೆಯ ಬ್ರಶ್ಶು, ಒಂದಿಷ್ಟು ಸ್ಪಿರಿಟ್ಟು;
ಕಿಲುಬು ಬಿಟ್ಟ ಗೆರೆಯ ಮೇಲೆ ಮತ್ತೆ ಕರೆಂಟು ನಡೆದಾಗ
ಫ್ಯಾನು ಒಂದು ಸಲ ಕೆಮ್ಮಿ ತಿರುಗುತ್ತದಲ್ಲ,
ಆ ಸದ್ದಿಗೆ ಈ ಐವತ್ತೆರಡರಲ್ಲೂ ಮೈಯ ಕೂದಲು ನಿಮಿರುತ್ತದೆ.

"ಮೊದಲೇ ಚೆನ್ನಾಗಿತ್ತು" ಎನ್ನುವವನಲ್ಲ ನಾನು.
ಮೊದಲು, ಒಂದು ಫೋಟೋ ಇಳಿಯಲಿ ಎಂದು ಬಿಟ್ಟು
ಕೆಳಗೆ ಹೋಗಿ ಚಾ ಕುಡಿದು ಬಂದರೂ ಹಣೆ ಮಾತ್ರ ಕಾಣುತ್ತಿತ್ತು.

ಕಂಪ್ಯೂಟರಿನ ಕನ್ನಡದಲ್ಲಿ ಕಾಣದ ಅಕ್ಷರವೊಂದು ಉಂಟು.
ಅಗಲ ಸೊನ್ನೆ. ಎರಡು ಅಕ್ಷರಗಳ ನಡುವೆ ಕೂತು
ಒಂದು ಇನ್ನೊಂದರ ಕಾಲಿಗೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ.
ಅದು ಬಿಟ್ಟುಹೋಗಿ ಎಗ್ಬರ್ಟ್‌ನ ಮದುವೆ ಕಾಗದದಲ್ಲಿ
ಅವನ ಹೆಸರಿನ ಬುಡಕ್ಕೆ ನಕಾರದ ಒತ್ತು ಜೋತುಬಿದ್ದಿತ್ತು.
ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಬಿತ್ತು.
ಸರಿಮಾಡಿದೆ.
ಬಂದ ನೆಂಟರು ಯಾರೂ ಗಮನಿಸಲಿಲ್ಲ.
ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ.

ಸಿಟ್ಟು ಬರುವುದು ಬೇರೆಯದಕ್ಕೆ.
ಬೆಳಿಗ್ಗೆ ಧಕ್ಕೆಯಲ್ಲಿ ಅಪ್ಪಿಯಕ್ಕನ ಬುಟ್ಟಿಯ ಮುಂದೆ
ಕಿವಿರು ಎತ್ತಿ, ಬೆನ್ನು ಒತ್ತಿ, ಮೂಸಿ, ಚೌಕಾಸಿ ಮಾಡಿ
ನಾಲ್ಕು ಬಂಗುಡೆ ಕೊಳ್ಳುವ ಜನ
ಫೋನಿಗೆ ಬಂದ ಸುದ್ದಿಯ ಕಿವಿರು ಎತ್ತುವುದಿಲ್ಲ.
ಮೂರು ವರ್ಷ ಐಸಿನಲ್ಲಿದ್ದದ್ದನ್ನು
ಈಗಷ್ಟೇ ದೋಣಿಯಿಂದ ಇಳಿದದ್ದೆಂದು ಮನೆಮನೆಗೆ ಹಂಚುತ್ತಾರೆ.
ಆಮೇಲೆ ಊರಿಡೀ ನಾತ.

ಇನ್ನೊಂದು. ದೈವದ ಎದುರು ಒಂದು ಮಾತು ಕೊಡಲು
ಏಳು ಸಲ ಎಂಜಲು ನುಂಗುವ ಊರು ನಮ್ಮದು;
"ಒಪ್ಪಿದ್ದೇನೆ" ಎಂಬ ನೀಲಿ ಗುಂಡಿಯ ಮುಂದೆ ಮಾತ್ರ
ಹೆಬ್ಬೆರಳು ಒಂದು ಕ್ಷಣ ನಿಲ್ಲುವುದಿಲ್ಲ.
ಒಪ್ಪಿದ್ದು ಯಾರಿಗೆ? ಎಂತಕ್ಕೆ? ತಪ್ಪಿದರೆ ಕಾಣಿಕೆ ಎಷ್ಟು?
ಓದದೆ ಒತ್ತಬೇಡಿ ಎಂದು ಗಿರಾಕಿಗಳಿಗೆ ಬೋಧಿಸುವ ನಾನು
ನಿನ್ನೆ ಓದಿಯೇಬಿಡುವ ಎಂದು ಕೂತೆ. ಮೂವತ್ತೊಂದು ಪುಟ.
ನಾಲ್ಕನೆಯದರಲ್ಲಿ ತೂಕಡಿಕೆ. ಏಳನೆಯದರಲ್ಲಿ
ಕೆಳಗಿನಿಂದ ಇದಿನಬ್ಬಾಕನ ಕೂಗು: "ವಾಲ್ಟೀ, ನನ್ನದು ಆಯಿತಾ?"
ಒತ್ತಿದೆ.

ದೀಪ ಆರಿಸುವ ಮುಂಚೆ, ಇಷ್ಟು ವರ್ಷದಲ್ಲಿ ಮೊದಲ ಸಲ,
ನನ್ನದೇ ಕೀಬೋರ್ಡ್ ಮಗುಚಿದೆ.
ಯಾರದೋ ಲ್ಯಾಪ್‌ಟಾಪಿನ ಸ್ಕ್ರೂ ಒಂದು. ಉಪ್ಪು.
ಎಂಟರ್ ಸವೆದು ಹಲ್ಲಿಲ್ಲದ ವಸಡು.
ಎಡಮೂಲೆಯ ಎಸ್ಕೇಪ್ ಮಾತ್ರ
ಪೆಟ್ಟಿಗೆ ಬಿಚ್ಚಿದ ದಿನ ಇದ್ದ ಹಾಗೆಯೇ ಉಂಟು.